ಏಳನೇ ಮೆಟ್ಟಿಲು

ಎಮ್ರಿಸ್ ಬಂದು ಇಳಿಸಿ ಹೋದ, ವ್ಯಾನಿನ ಎಂಜಿನ್ ಕೂಡ ಆರಿಸದೆ:
'ಕುರಿ ಕಾಯೋಕೆ ಆಗಲ್ಲ ಇದು. ಕರೆದರೆ ಬರೋಲ್ಲ,
ಬೆಟ್ಟ ಮುಗಿದರೂ ಓಟ ಮುಗಿಯೋಲ್ಲ.'
ಹೆಸರು ಮೆಲ್ಟ್. ವೇಲ್ಸಿನ ನಮ್ಮ ಮಾತಲ್ಲಿ ಹಾಗಂದರೆ ಮಿಂಚು.
ಒಂದೂವರೆ ವರುಷ. ಕಪ್ಪು ಬಿಳುಪು. ಒಂದು ಕಣ್ಣು ನೀಲಿ.

ಮನೆಯೋ, ಗೋಡೆಗಳೆರಡೂ ಪಕ್ಕದವರಿಗೂ ಸೇರಿದ ಸಾಲುಮನೆ,
ಬ್ಲೈನೈ ಊರಿನ ಕಡೆಯ ಬೀದಿ.
ಹಿತ್ತಿಲ ಬಾಗಿಲು ತೆಗೆದರೆ ಎದುರಿಗೇ
ಗಣಿಯವರು ಬಿಸುಟುಹೋದ ಸ್ಲೇಟುಕಲ್ಲಿನ ಗುಡ್ಡ.
ಒಳಗೆ ಎರಡು ಬೆಕ್ಕು:
ನೆಸ್ಟ್, ಹದಿಮೂರರ ಮುದುಕಿ, ಹರಿದ ಕಿವಿ,
ಯಾರ ಮಾತನ್ನೂ ಕೇಳಿ ಅಭ್ಯಾಸವಿಲ್ಲ;
ಬೊಟುಮ್, ಕೆಂಚ, ಹೊಟ್ಟೆಬಾಕ, ಅಂಜುಬುರುಕ.

ಮೊದಲ ಸಂಜೆ
ನೆಲಕ್ಕೆ ಹೊಟ್ಟೆ ತಾಗಿಸಿ, ನೋಟದಲ್ಲೇ ಅಟ್ಟಿ ಅಟ್ಟಿ
ಇಬ್ಬರನ್ನೂ ಅಡಿಗೆಮನೆಯ ಮೂಲೆಗೆ ಸೇರಿಸಿತು ಮೆಲ್ಟ್.
ಕಚ್ಚಲಿಲ್ಲ, ಬೊಗಳಲಿಲ್ಲ,
ಚೆದುರಿದ ಮಂದೆಯನ್ನು ಕೂಡಿಸಿದ ಹೆಮ್ಮೆಯಲ್ಲಿ
ನನ್ನ ಮುಖ ನೋಡಿತು: ಇನ್ನೇನು, ಬಾಗಿಲು ಹಾಕು.
ನೆಸ್ಟ್ ಹಾಕಿದಳು. ಮೂಗಿನ ಮೇಲೆ. ನಾಲ್ಕು ಗೆರೆ.

ಗಾದೆಗಳನ್ನು ಕೇಳಬಾರದು ಇಂಥ ಹೊತ್ತಲ್ಲಿ.
ಬಾಲ ಡೊಂಕೆನ್ನುತ್ತವೆ, ಕಣ್ಣು ಮುಚ್ಚಿ ಹಾಲೆನ್ನುತ್ತವೆ,
ಒಂದೇ ಸೂರಿನಡಿ ಹೇಗೆ ಎಂದರೆ ಒಂದೂ ಬಾಯಿಬಿಡುವುದಿಲ್ಲ.
ಗೆಥಿನ್ ಕೂಸಾಗಿದ್ದಾಗ ಕೊಂಡ ಮರದ ಗೇಟನ್ನು
ಅಟ್ಟದಿಂದಿಳಿಸಿ ಮೆಟ್ಟಿಲ ಬುಡಕ್ಕೆ ತಿರುಪು ಹಾಕಿದೆ.
ಇದರ ಕಂಬಳಿ ಅವುಗಳ ಬುಟ್ಟಿಗೆ, ಅವುಗಳದ್ದು ಇದಕ್ಕೆ,
ಮೂಗುಗಳು ಮೊದಲು ಮಾತಾಡಿಕೊಳ್ಳಲಿ ಎಂದು.
ಊಟದ ತಟ್ಟೆ ಗೇಟಿನಾಚೆ, ಗೇಟಿನೀಚೆ,
ದಿನಕ್ಕೊಂದು ಬೆರಳಗಲ ಹತ್ತಿರ.
ಬೆಳಗಿನ ಐದಕ್ಕೆ, ಶಾಲೆಬಸ್ಸು ಓಡಿಸುವ ಮುನ್ನ,
ದಣಿಯಲಿ ಎಂದು ಕಲ್ಲುಗುಡ್ಡಕ್ಕೆ ಎರಡು ಸುತ್ತು.
ದಣಿದದ್ದು ನಾನು.

ಗೆಥಿನ್‌ಗೆ ಈಗ ಒಂಬತ್ತು.
ಚಾವಣಿಯಿಂದ ಜಾರಿ ಬಿದ್ದ ಸ್ಲೇಟೊಂದನ್ನು ತೋಳಲ್ಲಿ ಒರೆಸಿ
ಬಳಪ ಹಿಡಿದು ಬರೆಯುತ್ತ ಹೋದ:
ಸೋಮವಾರ, ನೆಸ್ಟ್ ಏಳನೇ ಮೆಟ್ಟಿಲು.
ಮಂಗಳವಾರ, ಏಳು.
ಬುಧವಾರ, ಏಳು. ಬುಸ್ಸೆಂದಳು.
ಮೂರು ವಾರ ಏಳೇ ಏಳು.
ಒಮ್ಮೆ ಆರಕ್ಕಿಳಿದಳು. ಅವತ್ತೇ ಅಂಚೆಯವಳು ಗಂಟೆ ಬಾರಿಸಿ,
ಮೆಲ್ಟ್ ಗೇಟು ಹಾರಿ, ಬೊಟುಮ್ ಪರದೆ ಹತ್ತಿ,
ಪರದೆ ಕಂಬಿಸಮೇತ ಕೆಳಗಿಳಿದು,
ಗೆಥಿನ್ ಅಳುತ್ತಳುತ್ತ ಎಲ್ಲ ಒರೆಸಿಹಾಕಿದ.
ರಾತ್ರಿ ಎಮ್ರಿಸ್‌ನ ನಂಬರು ಒತ್ತಿದೆ.
ಅತ್ತ ರಿಂಗಾಗುವ ಮೊದಲೇ ಇಟ್ಟೆ.

'ಗೋರ್ವೆದ್', ಅಂದರೆ ಮಲಗು, ಎಂದು ಕಲಿಸತೊಡಗಿದೆ.
ಅಂಗೈಯಲ್ಲಿ ಚೀಸಿನ ಚೂರು. ನೂರು ಸಲ, ಇನ್ನೂರು ಸಲ.
ಗೋರ್ವೆದ್. ನಿಂತೇ ಇತ್ತು, ಬಾಲ ಬೀಸುತ್ತ.
ಗೋರ್ವೆದ್. ಬೆನ್ನ ಹಿಂದೆ ಏನೋ ಸಪ್ಪಳ.
ತಿರುಗಿದರೆ, ಐದನೇ ಮೆಟ್ಟಿಲಲ್ಲಿ
ಹದಿಮೂರು ವರುಷ ಯಾರ ಮಾತೂ ಕೇಳದವಳು
ಕಾಲು ಮಡಚಿ ಮಲಗಿ ಕೂಲಿಗೆ ಕಾಯುತ್ತಿದ್ದಳು.
ಕೊಟ್ಟೆ.
ಮೆಲ್ಟ್ ಅವಳನ್ನು ನೋಡಿತು, ನನ್ನನ್ನು ನೋಡಿತು,
ಮತ್ತೆ ಅವಳನ್ನು.
ಆಮೇಲೆ ಮೂಳೆಗಳನ್ನು ಒಂದೊಂದಾಗಿ ನೆಲಕ್ಕಿಡುವಂತೆ
ಮಲಗಿತು.

ಸ್ನೇಹವೇನೂ ಅಲ್ಲ.
ಬೊಟುಮ್ ಇನ್ನೂ ಫ್ರಿಜ್ಜಿನ ಮೇಲಿಂದಲೇ ಸಂಸಾರ ನಡೆಸುತ್ತಾನೆ.
ಆದರೆ ನಿನ್ನೆ ಬಸ್ಸು ನಿಲ್ಲಿಸಿ, ತೊಯ್ದು ಬಂದವಳು
ದೀಪ ಹಾಕದೆ ಬಾಗಿಲಲ್ಲೇ ನಿಂತೆ:
ನಾಯಿಯ ಹಾಸಿಗೆಯಲ್ಲಿ ನೆಸ್ಟ್, ಹಾಸಿಗೆ ಪೂರ್ತಿ ಅವಳದೇ.
ಬರಿನೆಲದಲ್ಲಿ ಮೆಲ್ಟ್, ನೀಲಿಗಣ್ಣೊಂದನ್ನೇ ತೆರೆದು,
ಉಸಿರೂ ಸದ್ದಾಗದ ಹಾಗೆ
ಕಾವಲು.
ಅವನಿಗೆ ಕೊನೆಗೂ ಸಿಕ್ಕಿತ್ತು ಒಂದು ಕುರಿ.

ಗೆಥಿನ್ ತುದಿಗಾಲಲ್ಲಿ ಹೋಗಿ ಸ್ಲೇಟು ತಂದ.
ಬಳಪದ ತುದಿ ಕಚ್ಚುತ್ತ ಬಹಳ ಹೊತ್ತು ಯೋಚಿಸಿ
'ಗುರುವಾರ' ಎಂದಷ್ಟೇ ಬರೆದ.