ನಾಲ್ಕು ಪ್ರಶ್ನೆ

ಮೊಖೋಟ್ಲಾಂಗ್, ಲೆಸೊಥೊ

ಕೆಮ್ಮಿದೆಯೇ? ಇಲ್ಲ.
ಜ್ವರ? ಇಲ್ಲ.
ರಾತ್ರಿ ಬೆವರು? ಈ ಬೆಟ್ಟದ ಚಳಿಗೆ ಬೆವರುವುದು ಕುದುರೆ ಮಾತ್ರ.
ತೂಕ ಇಳಿದಿದೆಯೇ? ತಕ್ಕಡಿ ನಿಮ್ಮದೇ, ನೋಡಿಕೊಳ್ಳಿ ಅಂದೆ.

ನರ್ಸ್ ಕೆಕೆಲೆಟ್ಸೊ ನಾಲ್ಕು ಚೌಕಕ್ಕೂ ಗೀಟೆಳೆದು
ಸರಿ, ಹಾಗಾದರೆ ಮದ್ದು ಶುರು ಮಾಡೋಣ ಅಂದಳು.

ಇದೆಲ್ಲಿಯ ನ್ಯಾಯ!
ಇಲ್ಲ ಇಲ್ಲ ಇಲ್ಲ ಅಂದವಳಿಗೂ ಮದ್ದೇ?
ಹನ್ನೊಂದು ವರ್ಷದಿಂದ ರಾತ್ರಿ ಎಂಟಕ್ಕೆ
ಎಚ್‌ಐವಿಯ ಗುಳಿಗೆ ನುಂಗುತ್ತಿದ್ದೇನೆ, ತಪ್ಪಿದ್ದು ಎರಡೇ ಸಲ:
ಒಮ್ಮೆ ಹಿಮ ಬಿದ್ದು ದಾರಿ ಮುಚ್ಚಿತ್ತು,
ಇನ್ನೊಂದು ಹೇಳುವುದಿಲ್ಲ.
ರಕ್ತದಲ್ಲಿ ವೈರಸ್ಸು ಎಣಿಕೆಗೇ ಸಿಗುತ್ತಿಲ್ಲ ಅಂತ
ಹೋದ ತಿಂಗಳು ಚೀಟಿ ತೋರಿಸಿ ನಕ್ಕವಳು ಇವಳೇ.

ಅದು ಬೇರೆ, ಪುಸೆಲೆಟ್ಸೊ.
ಇದು ಎದೆಯೊಳಗೆ ಮಲಗಿರಬಹುದಾದ ಕ್ಷಯ.
ಮಲಗಿರುವ ತನಕ ಕೆಮ್ಮಿಲ್ಲ, ಯಾರಿಗೂ ಅಂಟದು.
ನಿನ್ನ ಮೈಯ ಕಾವಲು ಒಂದು ದಿನ ತೂಕಡಿಸಿತೋ, ಎದ್ದಿತು.

ಮಲಗುವುದೆಂದರೇನು ಅಂತ ನನಗೆ ಹೇಳಬೇಡ.
ಮೂರು ಮಕ್ಕಳನ್ನು ಮಲಗಿಸಿದವಳು;
ಕಣ್ಣು ಮುಚ್ಚಿಕೊಂಡು ಎಲ್ಲ ಕೇಳಿಸಿಕೊಳ್ಳುತ್ತಿರುತ್ತವೆ.

ಎಲ್ಲಿಂದ ಬಂದಿದ್ದೀತು?
ಯಾರದೋ ಉಸಿರು. ಬಾಡಿಗೆ ವ್ಯಾನೋ, ಇಗರ್ಜಿಯೋ, ಯಾರಿಗೆ ಗೊತ್ತು.

ನನಗೆ ಗೊತ್ತು.
ವೆಲ್ಕಮ್ಮಿನ ಚಿನ್ನದ ಗಣಿಯಿಂದ ತ್ಸೆಲಿಸೊ
ಒಂದು ಕಂಬಳಿ, ಒಂದು ರೇಡಿಯೊ,
ಎದೆ ತುಂಬ ಕಲ್ಲಿನ ಪುಡಿ ಹೊತ್ತು ಬಂದ.
ಕಿಟಕಿ ತೆರೆದಿಡಬೇಕಿತ್ತಂತೆ.
ಜುಲೈ ತಿಂಗಳು, ಬೆರಣಿಯ ಬೆಂಕಿ, ಒಂದೇ ಕೋಣೆ;
ಕಿಟಕಿಯ ಸಂದಿಗೆ ಚಿಂದಿ ತುರುಕಿದ್ದು ನಾನೇ.
ಮುಖಕ್ಕೆ ಮುಖ ಕೊಟ್ಟು ಮಲಗುತ್ತಿದ್ದೆವು.
ಅವನು ಬಿಟ್ಟದ್ದನ್ನು ನಾನು ಎಳೆದುಕೊಳ್ಳುತ್ತಿದ್ದೆ.

ಕಂಬಳಿ ಅವನ ಜೊತೆಗೇ ಮಣ್ಣಿಗೆ ಹೋಯಿತು.
ರೇಡಿಯೊ ಮೈದುನ ಒಯ್ದ.
ಸೂತಕದ ಕಪ್ಪು ಬಟ್ಟೆ ಕಳಚಿ ಹತ್ತು ಚಳಿಗಾಲ.
ಅವನದು ಅಂತ ಏನೂ ಉಳಿದಿಲ್ಲ ಅಂದುಕೊಂಡಿದ್ದೆ.
ಉಳಿದಿದೆಯಲ್ಲ, ಪಕ್ಕೆಲುಬಿನ ಮರೆಯಲ್ಲಿ
ಬಾಡಿಗೆ ಕೊಡದೆ ಇದೊಂದು.

ಇದನ್ನು ನರ್ಸಿಗೆ ಹೇಳಲಿಲ್ಲ.
ಅವಳ ಫಾರಮ್ಮಿನಲ್ಲಿ ಇದಕ್ಕೆ ಚೌಕವಿರಲಿಲ್ಲ.

ಆರು ತಿಂಗಳು, ದಿನಕ್ಕೊಂದು ಬಿಳಿ ಗುಳಿಗೆ,
ಪಾದ ಜುಮ್ಮೆನ್ನದಿರಲಿ ಅಂತ ಜೊತೆಗೊಂದು ಸಣ್ಣದು.
ಜೋಳದ ಹೆಂಡ ಮಾಡು, ಮಾರು, ಕುಡಿಯಬೇಡ ಅಂದಳು.
ರುಚಿ ನೋಡದೆ ಹೆಂಡ ಮಾಡುವುದುಂಟೇ?
ಪಕ್ಕದ ಮನೆಯ ಮುದುಕಿ ನೋಡಿ ಹೇಳುತ್ತಾಳೆ,
ಒಂದು ಚೊಂಬು ಪೂರ್ತಿ ನೋಡಿ.

ಪೀಚ್ ಮರ ಹೂ ಬಿಟ್ಟಿದೆ. ಡಬ್ಬಿಯಲ್ಲಿ ಒಂಬತ್ತು ಉಳಿದಿವೆ.
ನುಂಗುವ ಮೊದಲು ಒಂದು ಗಳಿಗೆ ತಡೆಯುತ್ತೇನೆ,
ಬೂಟು ಹಾಕಿಕೊಂಡು ಹೊರಟವನನ್ನು
ಹೊಸ್ತಿಲಲ್ಲಿ ಏನೋ ನೆಪ ಹೇಳಿ ನಿಲ್ಲಿಸಿದಂತೆ.
ಆಮೇಲೆ ನೀರು.

ಕಿಟಕಿಯ ಚಿಂದಿ ಕಿತ್ತು ಒಲೆಗೆ ಹಾಕಿದೆ.
ಮೊಮ್ಮಗ ಚಳಿ ಚಳಿ ಅಂತ ಗೊಣಗುತ್ತಾನೆ.
ಗೊಣಗಲಿ. ಕೆಮ್ಮುತ್ತಿಲ್ಲವಲ್ಲ.