ಏಳು ಡಿಗ್ರಿ

ಸುಟ್ಟ ಎಣ್ಣೆ ಸುರಿದು, ಹುಲ್ಲಿಗೆ ಬೆಂಕಿ ತಾಕಿಸಿ
ಗೆರೆ ಎಳೆದಿದ್ದಾರೆ ಇಲ್ಲಿ, ಸೇಂಟ್ ಎಲಿಜಬೆತ್‌ನ ಕೆಂಪು ನೆಲದಲ್ಲಿ.
ಆರು ಓಣಿ. ಆರನೆಯದರಲ್ಲಿ ಮೇಕೆ ಕಟ್ಟಿದೆ.
ನನ್ನ ಕೈಲಿ ಕೋನಮಾಪಕ, ಒಂದು ತೂಗುಗುಂಡು,
ಕಿಂಗ್ಸ್‌ಟನ್ನಿನಿಂದ ಕೊಟ್ಟು ಕಳಿಸಿದ ನಲವತ್ತು ನಮೂನೆ.

ಪಾದ ಜೋಡಿಸಿ ನಿಲ್ಲು, ಅಂದೆ.
ನಿಂತಳು ಜೊಡೀನ್, ಹದಿಮೂರು ವರ್ಷ.
ಹಿಮ್ಮಡಿ ಸೇರಿದವು. ಮಂಡಿ ಸೇರಲಿಲ್ಲ.
ನನ್ನ ನಾಲ್ಕು ಬೆರಳು ಸಲೀಸಾಗಿ ತೂರಿದವು,
ಆ ಕಂಡಿಯಲ್ಲಿ ಮೇಕೆ ಕಾಣಿಸಿತು, ಮೇಕೆಯಾಚೆ
ಬಾಕ್ಸೈಟ್ ಲಾರಿ ಎಬ್ಬಿಸಿದ ಧೂಳು.
ಎಡಕ್ಕೆ ಏಳು ಡಿಗ್ರಿ, ಬಲಕ್ಕೆ ಐದು.

"ಅಲ್ಲೇ ಹುಡುಗರು ಚೆಂಡು ತೂರಿಸುತ್ತಾರೆ" ಅಂದಳು.
ದೂರಲ್ಲ, ವರದಿ.

ಮೂರನೇ ವಯಸ್ಸಿಗೆ ತೊಡಿಸಿದ್ದರಂತೆ ಕಬ್ಬಿಣದ ಪಟ್ಟಿ.
ರಾತ್ರಿಯೆಲ್ಲ ಅತ್ತಳಂತೆ. ಅಜ್ಜಿ ಐವರಿನ್
ಒಂದು ಬೆಳಗ್ಗೆ ಬಿಚ್ಚಿಹಾಕಿದಳು; ಪಟ್ಟಿ ಈಗ
ಕೋಳಿಗೂಡಿನ ಬಾಗಿಲಿಗೆ ಅಗುಳಿ.
ಅದೂ ಬಾಗಿದೆ.

ಕಾಲು ಅಂದರೆ ಕೆರೈನ್‌ಳದು:
ಸೊಂಟದಿಂದ ಹರಡಿನವರೆಗೆ ತೂಗುದಾರ
ಮಂಡಿಯ ನಟ್ಟನಡುವೆ ಇಳಿಯಿತು,
ಪಠ್ಯದ ಚಿತ್ರ ಎದ್ದು ಬಂದ ಹಾಗೆ.
ಮುಂಗಾಲೆಲುಬು ನೋವೆಂದು ಎರಡು ವಾರದಿಂದ
ಜೀಗುಜ್ಜೆ ಮರದ ಕೆಳಗೆ
ಮಂಜುಗಡ್ಡೆ ಕಟ್ಟಿಕೊಂಡು ಕೂತಿದ್ದಾಳೆ.

ಶಿಳ್ಳೆ. ಇನ್ನೂರು ಮೀಟರು.
ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.
ಇಲ್ಲಿ ನೆಲ ನಿಜಕ್ಕೂ ಡೊಂಕು, ತಿರುವಿನಲ್ಲಿ ಮೊಳದಷ್ಟು ಇಳಿಜಾರು,
ಅದರ ಮೇಲೆ ಡೊಂಕು ಕಾಲು.
ದೂರಬಹುದಾಗಿದ್ದವಳು ಆಗಲೇ ತಿರುವು ದಾಟಿದ್ದಾಳೆ.

ನಿಂತಾಗ ಅವಳ ಕಾಲು ಎರಡು ಕಂಸ,
ಒಳಗೆ ಏನೂ ಬರೆಯದೆ ಬಿಟ್ಟ ಹಾಗೆ.
ಓಡುವಾಗ ನೆಲಕ್ಕೆ ತಾಗುವುದು ಒಂದೇ ಕಾಲು,
ಒಮ್ಮೊಮ್ಮೆ ಅದೂ ಇಲ್ಲ.
ಒಂದು ಕಾಲಿಗೆ ನಡುವೆ ಎಲ್ಲಿಯದು?
ಇದಕ್ಕೆ ನಮೂನೆಯಲ್ಲಿ ಅಂಕಣವಿಲ್ಲ.

ಇಪ್ಪತ್ತಾರು ಸೆಕೆಂಡಿಗೆ ಕೂದಲೆಳೆ ಕಮ್ಮಿ. ಎರಡನೆಯವಳು.
ಮೊದಲು ಬಂದವಳಿಗೆ ಮಂಡಿ ಒಂದಕ್ಕೊಂದು ಉಜ್ಜುತ್ತವೆ.

ರಾತ್ರಿ ಗ್ರಾಫ್ ಹಾಳೆಯ ಮೇಲೆ ಡಿಗ್ರಿ, ಸೆಕೆಂಡು,
ನಲವತ್ತು ಚುಕ್ಕೆ. ಯಾರೋ ಸಾಸಿವೆ ಚೆಲ್ಲಿದಂತೆ.
ಅಳತೆಪಟ್ಟಿ ಹೀಗಿಟ್ಟೆ, ಹಾಗಿಟ್ಟೆ.

ಹೊರಡುವ ದಿನ ಐವರಿನ್ ಬಂದಳು,
ಆರು ವರ್ಷದ ಮೊಮ್ಮಗನ ರಟ್ಟೆ ಹಿಡಿದು.
ಇವರಪ್ಪ ಓಡಿದವನು, ಅಕ್ಕ ಓಡುತ್ತಾಳೆ,
ನಾನೂ ಒಂದು ಕಾಲದಲ್ಲಿ, ಎನ್ನುತ್ತಾ
ಲಂಗ ಮಂಡಿಯವರೆಗೆ ಎತ್ತಿ ತೋರಿಸಿದಳು: ಬಿಲ್ಲು.
ಆಮೇಲೆ ದನಿ ತಗ್ಗಿಸಿ,
"ಇವನದು ನೋಡಿ, ನೆಟ್ಟಗಿದೆ.
ಏನಾದರೂ ಮಾಡಲಾಗುತ್ತದೆಯೇ?"