ಅರ್ಧ ಏಟು

ಲಿಂಗರಾಜಪುರದಲ್ಲಿ ರೈಲುಹಳಿಗೆ ಬೆನ್ನು ಹಾಕಿದ ಶೆಡ್ಡು,
ಗೋಡೆ ತುಂಬ ಮೊಟ್ಟೆಯ ಟ್ರೇ,
ಡೆರಿಲನ ಚಿಕ್ಕಮ್ಮನ ಬೇಕರಿಯವು,
ಕೆಲವಕ್ಕೆ ಇನ್ನೂ ಪುಕ್ಕ ಅಂಟಿತ್ತು.
ಮೂರು ರಾತ್ರಿಯಲ್ಲಿ ಮುಗಿಸಿದೆವು. ನೂರೈವತ್ತು ಕ್ಯಾಸೆಟ್ಟು.
ಕವರಿನ ಮಂಜುಗಾಡು ನಮ್ಮ ಕಬ್ಬನ್ ಪಾರ್ಕು,
ಜೆರಾಕ್ಸಿಗೆ ಜೆರಾಕ್ಸು ಮಾಡಿ ಕಪ್ಪಾಗಿಸಿದ್ದು;
ಕಣ್ಣು ಕಿರಿದು ಮಾಡಿದರೆ
ಮೂಲೆಯಲ್ಲೊಂದು ಕಡಲೆಕಾಯಿ ಗಾಡಿ.

ಮೊದಲ ಹಾಡಿಗೆ ಕ್ಷಮೆಯಿಲ್ಲ.
ಡ್ರಮ್ಮು, ತಗಡಿನ ಡಬ್ಬಿಗೆ ಸುರಿದ ಬಟಾಣಿ.
ಬಾರಿಸಿದವಳು ನಾನೇ, ಹೇಳಬಹುದು.
(ಒಳಗೆ ಅಚ್ಚಾದ ಹೆಸರು ಬೇತಾಳ. ಮನೆಯಲ್ಲಿ ಕೋಮಲಾ.)
ಬೇಸು ಇದೆ ಎಂದು ಇಮ್ತಿಯಾಜ್ ಈಗಲೂ ಆಣೆ ಮಾಡುತ್ತಾನೆ.
ಎರಡನೆಯದು ಯಾರದೋ ಚಳಿ ಸಾಲ ತಂದು ನಡುಗುತ್ತದೆ;
ಫ್ರಿಜ್ಜಿನ ಮೇಲ್ಗಡೆ ಬಿಟ್ಟರೆ
ಹಿಮ ಕಂಡವರು ನಮ್ಮಲ್ಲಿ ಯಾರೂ ಇರಲಿಲ್ಲ.

ಆದರೆ ಮೂರನೆಯದು.
ಎರಡು ಗಿಟಾರು ಒಟ್ಟಿಗೆ ಇಳಿಯುತ್ತವೆ,
ನಡುವೆ ಮೇಲಿನದು ತಡೆದು ನಿಲ್ಲುತ್ತದೆ,
ಮೆಟ್ಟಿಲ ಮೇಲೆ ಯಾರಿಗೋ ಕಾದ ಹಾಗೆ.
ಕೇಳಿದವರೆಲ್ಲ ಹೊಗಳಿದ್ದು ಆ ನಿಲುವನ್ನೇ.
ಅಸಲು ಸಂಗತಿ: ನಾನು ಅರ್ಧ ಏಟು ತಪ್ಪಿದ್ದೆ.
ಡೆರಿಲ್ ಕಾದ, ಅಷ್ಟೇ.
ಟೇಪು ಮತ್ತೆ ಓಡಿಸಲು ಆ ರಾತ್ರಿ ದುಡ್ಡಿರಲಿಲ್ಲ.

ಕೀಬೋರ್ಡಿನ ಸೆಲ್ವಿನ್ ಭಾನುವಾರ ಚರ್ಚಿನಲ್ಲಿ ನುಡಿಸುತ್ತಿದ್ದವ.
ಶನಿವಾರ ಸೈತಾನನನ್ನು ಕರೆಯುವಾಗ
ಕೀರ್ತನೆಯ ಒಂದು ತಿರುವು ಬೆರಳಿಗೆ ತಾನಾಗಿ ಬಂದಿದೆ.
ಅವನಿಗೆ ಗೊತ್ತಾಗಿಲ್ಲ. ಸೈತಾನನಿಗೂ.
ಗುರುಸಿದ್ಧನ ಕಿರುಚಾಟದಲ್ಲಿ ಸಿಟ್ಟಿಗಿಂತ ನೆಗಡಿ ಹೆಚ್ಚು,
ಒಂದಕ್ಷರ ತಿಳಿಯುವುದಿಲ್ಲ.
ತಿಳಿಯದ್ದೇ ವಾಸಿ, ಬರೆದ ಹಾಳೆ ನೋಡಿದ್ದೇನೆ.

ಬಿ ಬದಿ ಪೂರ್ತಿ ಒಂದೇ ಹಾಡು, ಹನ್ನೊಂದು ನಿಮಿಷ.
ಏಳರಲ್ಲೇ ಮುಗಿದಿತ್ತು; ನಮಗೆ ಹೇಳುವವರು ಯಾರೂ ಇರಲಿಲ್ಲ.
ಎಳೆಯುತ್ತೇವೆ, ಅದೇ ಮೂರು ಸ್ವರ,
ಬೋರ್‌ವೆಲ್ಲಿನ ಖಾಲಿ ಪಂಪಿನ ಹಾಗೆ.
ಒಂಬತ್ತರ ಹತ್ತಿರ ಕರೆಂಟು ಹೋಗುತ್ತದೆ.

ರೆಕಾರ್ಡರಿಗೆ ಮಾತ್ರ ಬ್ಯಾಟರಿ.
ಗಿಟಾರು ಸತ್ತಿತು, ಕೀಬೋರ್ಡು ಸತ್ತಿತು,
ಬರಿಗಂಟಲ ಗುರುಸಿದ್ಧ ಸ್ಕೂಲು ಹುಡುಗನಂತೆ ಕೇಳಿ, ನಾಚಿ, ಸುಮ್ಮನಾದ.
ನಾನು ನಿಲ್ಲಿಸಲಿಲ್ಲ.
ಡ್ರಮ್ಮಿಗೆ ಕರೆಂಟು ಬೇಡವಲ್ಲ.
ಕತ್ತಲಲ್ಲಿ ಕೈ ಕಾಣದೆ ಬಾರಿಸಿದ್ದು
ಕ್ಯಾಸೆಟ್ಟಿನಲ್ಲೆಲ್ಲ ಅದೊಂದೇ ಸರಿಯಾಗಿದೆ,
ಬಟಾಣಿಯಲ್ಲ, ಎದೆ.
ಹಿಂದಿನಿಂದ ಗೂಡ್ಸು ಗಾಡಿ ಬಂದು
ನನ್ನ ಲಯ ಮುಟ್ಟಿ, ಒಂದಿಷ್ಟು ಜೊತೆಗಿದ್ದು, ಹೋಗುತ್ತದೆ.

ಆಮೇಲೆ ಟೇಪಿನ ಕೊನೆಯವರೆಗೆ ಬರೀ ಉಸಿರು, ಸೊಳ್ಳೆ,
ಯಾರೋ ಬೆಂಕಿಪೊಟ್ಟಣ ತಡಕುವುದು.
'ಬಂತಾ?'
'ಎಲ್ಲಿ ಮಗಾ, ಇನ್ನೂ ಇಲ್ಲ.'